ಹೊಸ ಫಸಲಿನ ಬ್ಲೆಂಡ್ ಪ್ಯಾಕೆಟ್ ಮೇಲೆ ರೈತರ ಹೆಸರಿದೆ, ಹಣ ಅವರಿಗೆ ಮುಟ್ಟುತ್ತದಾ ಅಂತ ತಿಳಿಯೋದು ಹೇಗೆ?

ಸಂಜೆಕಾಫಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನಮ್ಮ ಮನೆಯಲ್ಲಿ ಮೊದಲಿಂದಲೂ ಚಿಕೋರಿ ಹಾಕಿದ ಪುಡಿಯೇ. ಈ ಸಲ ಚಿಕೋರಿ ಇಲ್ಲದ ಒಂದು ಪ್ಯಾಕೆಟ್ ತಂದೆ. ಅದರ ಮುಂದೆ ಹೊಸ ಫಸಲಿನ ಬ್ಲೆಂಡ್, ಈ ಸೀಸನ್‌ಗೆ ಮಾತ್ರ ಅಂತ ಬರೆದಿದೆ. ಹಿಂದೆ ತಿರುಗಿಸಿದರೆ ಮೂರು ಕಾಫಿಗಳ ಹೆಸರು. ಬಿಳಿಗಿರಿರಂಗನ ಬೆಟ್ಟದ ಸೋಲಿಗ ರೈತರ ಅರೇಬಿಕಾ, ಚಿಕ್ಕಮಗಳೂರಿನ ಸಣ್ಣ ಬೆಳೆಗಾರರ ಅರೇಬಿಕಾ, ಕೊಡಗಿನ ರೋಬಸ್ಟಾ ಪಾರ್ಚ್‌ಮೆಂಟ್. ಕೆಳಗೆ ಒಂದು ಸಾಲು: ಈ ಕಾಫಿಯ ಹಿಂದಿರುವ ರೈತ ಸಮುದಾಯಗಳಿಗೆ ನಮ್ಮ ನಮನ.

ರುಚಿ ಬಗ್ಗೆ ದೂರಿಲ್ಲ. ಫಿಲ್ಟರ್‌ನಲ್ಲಿ ಹಾಕಿದೆ, ಡಿಕಾಕ್ಷನ್ ಚಿಕೋರಿ ಇರುವಷ್ಟು ಗಟ್ಟಿ ಬರಲಿಲ್ಲ, ಆದರೆ ಪರಿಮಳ ಬೇರೆಯದೇ. ಹಾಲು ಹಾಕಿದ ಮೇಲೂ ಕೊನೆಯಲ್ಲಿ ಒಂದು ಸಿಹಿ ಉಳಿಯುತ್ತದೆ. ಬೆಲೆ ಮಾತ್ರ ಮಾಮೂಲಿ ಪುಡಿಗಿಂತ ತುಂಬಾ ಜಾಸ್ತಿ. ಜಾಸ್ತಿ ಕೊಡಲು ನನಗೆ ಬೇಸರವಿಲ್ಲ, ಆ ಜಾಸ್ತಿ ಹಣದಲ್ಲಿ ಒಂದು ಪಾಲಾದರೂ ಬೆಳೆದವರ ಕೈ ಸೇರಬೇಕು ಅಷ್ಟೇ. ಸೋಲಿಗರ ಹೆಸರು ಹಾಕಿ ಮಾರಿದ ಮೇಲೆ ಅವರಿಗೆ ಮಾರುಕಟ್ಟೆ ದರಕ್ಕಿಂತ ಒಂದು ರೂಪಾಯಿಯೂ ಹೆಚ್ಚು ಸಿಗಲಿಲ್ಲ ಅಂದರೆ ಆ ಹೆಸರು ಯಾಕೆ ಬೇಕು?

ಹಾಗಾಗಿ ತಿಳಿದವರು ಹೇಳಿ. ಸೀಸನ್ ಬ್ಲೆಂಡ್ ಅನ್ನೋದು ನಿಜಕ್ಕೂ ಫಸಲಿಗೆ ಸಂಬಂಧಿಸಿದ್ದಾ, ಅಥವಾ ಬರೀ ಪ್ಯಾಕೆಟ್ ಬಣ್ಣ ಬದಲಿಸೋದಾ? ಮೂರು ಕಡೆಯ ಕಾಫಿ ಸೇರಿಸಿದಾಗ ಯಾರದು ಎಷ್ಟು ಅಂತ ಗೊತ್ತಾಗೋದು ಹೇಗೆ? ಮತ್ತು ಮುಖ್ಯವಾಗಿ, ಮಾರುವವರ ಹತ್ತಿರ ನಾನು ಏನು ಕೇಳಬೇಕು?

ಪಲ್ಪರ್‌ಮನೆ ಬರೆದದ್ದು:

ಒಳ್ಳೆಯ ಪ್ರಶ್ನೆ. ನಮ್ಮದು ಚಿಕ್ಕಮಗಳೂರು ಕಡೆ ಸಣ್ಣ ತೋಟ, ಹೆಚ್ಚು ಅರೇಬಿಕಾ, ಕೆಳಗಿನ ಭಾಗದಲ್ಲಿ ಸ್ವಲ್ಪ ರೋಬಸ್ಟಾ. ತೋಟದ ಕಡೆಯಿಂದ ಏನು ಕಾಣುತ್ತದೋ ಅದನ್ನು ಹೇಳುತ್ತೇನೆ.

ಮೊದಲು ಸೀಸನ್ ವಿಷಯ. ಕಾಫಿಗೆ ಸೀಸನ್ ಇದ್ದೇ ಇದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬೀಳಬೇಕು. ಬಿದ್ದ ಎಂಟು, ಒಂಬತ್ತು ದಿನಕ್ಕೆ ತೋಟವೆಲ್ಲ ಬಿಳಿ ಹೂ. ಆಮೇಲೆ ಎರಡು ಮೂರು ವಾರದೊಳಗೆ ಬ್ಯಾಕಿಂಗ್ ಮಳೆ ಬರಬೇಕು, ಬರಲಿಲ್ಲ ಅಂದರೆ ಹೂ ಕಾಯಿ ಕಟ್ಟೋದು ಕಷ್ಟ. ಅರೇಬಿಕಾ ಹಣ್ಣಾಗಲು ಎಂಟೊಂಬತ್ತು ತಿಂಗಳು, ರೋಬಸ್ಟಾಗೆ ಹತ್ತು ಹನ್ನೊಂದು ತಿಂಗಳು. ಹಾಗಾಗಿ ಅರೇಬಿಕಾ ಕುಯ್ಲು ನವೆಂಬರ್‌ನಿಂದ ಜನವರಿ, ರೋಬಸ್ಟಾ ಅದರ ಬೆನ್ನಿಗೆ ಮಾರ್ಚ್‌ವರೆಗೂ ಹೋಗುತ್ತದೆ. ಕುಯ್ದ ಮೇಲೆ ಪಲ್ಪಿಂಗ್ ಅಂದರೆ ಯಂತ್ರದಲ್ಲಿ ಹಣ್ಣಿನ ಸಿಪ್ಪೆ ಸುಲಿಯೋದು, ಹುದುಗು ಬರಿಸೋದು, ತೊಳೆಯೋದು, ಕಣದಲ್ಲಿ ಒಣಗಿಸೋದು, ಆಮೇಲೆ ಕ್ಯೂರಿಂಗ್‌ನಲ್ಲಿ ಸಿಪ್ಪೆ ಬಿಡಿಸಿ ಗ್ರೇಡ್ ಮಾಡೋದು. ಇಷ್ಟೆಲ್ಲ ಆಗಿ ಹೊಸ ಅರೇಬಿಕಾ ಹುರಿಯುವವರ ಕೈಗೆ ಸಿಗೋದು ಫೆಬ್ರವರಿ ಮೇಲೆ, ರೋಬಸ್ಟಾ ಇನ್ನೂ ತಡ. ಡಿಸೆಂಬರ್‌ನಲ್ಲೇ ಹೊಸ ಫಸಲು ಅಂತ ಮೂರೂ ಸೇರಿಸಿದ ಬ್ಲೆಂಡ್ ಬಂದರೆ ಅದು ಹಿಂದಿನ ವರ್ಷದ ಕಾಳು ಅಂತಲೇ ತಿಳಿಯಿರಿ. ಇನ್ನೊಂದು ಕಡೆ, ಚೆನ್ನಾಗಿ ಒಣಗಿಸಿ ಇಟ್ಟ ಹಸಿರು ಕಾಳು ತಿಂಗಳುಗಟ್ಟಲೆ ಕೆಡುವುದಿಲ್ಲ. ಆಗಸ್ಟ್‌ನಲ್ಲಿ ಹುರಿದರೂ ಅದು ಆ ವರ್ಷದ ಫಸಲೇ. ಪ್ಯಾಕೆಟ್ ಮೇಲೆ 2024–25 ಅನ್ನುವ ಹಾಗೆ ಫಸಲಿನ ವರ್ಷ ಇದೆಯಾ ನೋಡಿ. ಹುರಿದ ತಾರೀಖು ಬೇರೆ, ಫಸಲಿನ ವರ್ಷ ಬೇರೆ.

ಈಗ ಹಣದ ವಿಷಯಕ್ಕೆ ಬರುತ್ತೇನೆ. ಮಾರುವವರನ್ನು ಒಂದೇ ಪ್ರಶ್ನೆ ಕೇಳಲು ಅವಕಾಶ ಅಂದರೆ ನಾನು ಇದನ್ನು ಕೇಳುತ್ತೇನೆ: ರೈತರಿಂದ ಯಾವ ರೂಪದಲ್ಲಿ ಕೊಂಡಿರಿ? ಹಣ್ಣಾ, ಚೆರಿಯಾ, ಪಾರ್ಚ್‌ಮೆಂಟಾ?

ಇದರಲ್ಲೇ ಎಲ್ಲ ಇದೆ. ಬೆಳೆಗಾರ ಮೂರು ಹಂತದಲ್ಲಿ ಮಾರಬಹುದು. ಗಿಡದಿಂದ ಕುಯ್ದ ಹಸಿ ಹಣ್ಣನ್ನೇ ಅವತ್ತು ಸಂಜೆ ವ್ಯಾಪಾರಿ ಲಾರಿಗೆ ಹಾಕುವುದು ಒಂದು. ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿ ಚೆರಿ ಮಾಡಿ ಮಾರುವುದು ಇನ್ನೊಂದು. ಪಲ್ಪರ್‌ಗೆ ಹಾಕಿ, ತೊಳೆದು, ಒಣಗಿಸಿ ಪಾರ್ಚ್‌ಮೆಂಟ್ ಮಾಡಿ ಮಾರುವುದು ಮೂರನೆಯದು. ಒಂದು ಕೆಜಿ ಶುದ್ಧ ಅರೇಬಿಕಾ ಕಾಳಿಗೆ ಸುಮಾರು ಆರು ಕೆಜಿ ಹಣ್ಣು ಬೇಕು. ಹುರಿದಾಗ ಇನ್ನೂ ಶೇಕಡ 15ರಷ್ಟು ತೂಕ ಇಳಿಯುತ್ತದೆ. ಅಂದರೆ ನಿಮ್ಮ ಒಂದು ಕೆಜಿ ಪುಡಿಯ ಹಿಂದೆ ಏಳು ಕೆಜಿ ಹತ್ತಿರ ಹಣ್ಣಿದೆ. ಹಣ್ಣು ಮಾರಿದವನಿಗೆ ಆ ಏಳು ಕೆಜಿಯ ದರ ಅಷ್ಟೇ. ಮುಂದೆ ಅದು ಎಷ್ಟು ಒಳ್ಳೆಯ ಕಾಫಿ ಆಯಿತು, ಯಾರ ಹೆಸರಲ್ಲಿ ಮಾರಾಟವಾಯಿತು ಅನ್ನೋದು ಅವನಿಗೆ ತಿಳಿಯೋದೂ ಇಲ್ಲ.

ಚೆರಿ ಮಾರುವಾಗ ಇನ್ನೊಂದು ಲೆಕ್ಕ ಇದೆ, ಔಟ್‌ಟರ್ನ್, ನಮ್ಮ ಬಾಯಲ್ಲಿ ಓಟಿ. 50 ಕೆಜಿ ಚೀಲ ಚೆರಿಯಲ್ಲಿ ಎಷ್ಟು ಕೆಜಿ ಶುದ್ಧ ಕಾಳು ಬರುತ್ತದೆ ಅನ್ನೋದು. 26, 27 ಮಾಮೂಲಿ. ವ್ಯಾಪಾರಿ ಒಂದು ಹಿಡಿ ತೆಗೆದು ಕುಟ್ಟಿ ತೂಗಿ ನೋಡಿ ಓಟಿ ಹೇಳುತ್ತಾನೆ, ತೇವಾಂಶ ಜಾಸ್ತಿ ಅಂತ ಅಲ್ಲೂ ಸ್ವಲ್ಪ ಕಳೆಯುತ್ತಾನೆ. ತೂಕದ ಯಂತ್ರ, ತೇವ ನೋಡುವ ಮೀಟರ್ ಎರಡೂ ಅವನದೇ. ಪರಿಚಯದ ವ್ಯಾಪಾರಿ ಆದರೆ ಸರಿ, ಇಲ್ಲದಿದ್ದರೆ ಸಣ್ಣವರು ಸೋಲುವುದು ಅಲ್ಲೇ.

ಪಾರ್ಚ್‌ಮೆಂಟ್ ಮಾಡಿ ಮಾರಬಾರದಾ ಅಂತ ಕೇಳುತ್ತೀರಿ. ಪಲ್ಪರ್ ಬೇಕು, ನೀರು ಬೇಕು, ತೊಳೆದ ಕೊಳೆನೀರು ಹಳ್ಳಕ್ಕೆ ಹೋಗದ ಹಾಗೆ ಗುಂಡಿ ಬೇಕು, ಕಣ ಬೇಕು, ಪೂರ್ತಿ ಕೆಂಪಾದ ಹಣ್ಣನ್ನೇ ಆರಿಸಿ ಮೂರು ನಾಲ್ಕು ಸುತ್ತು ಕುಯ್ಯಲು ಆಳು ಬೇಕು. ನವೆಂಬರ್‌ನಲ್ಲಿ ಅಕಾಲ ಮಳೆ ಹಿಡಿದರೆ ಹಣ್ಣು ಗಿಡದಲ್ಲೇ ಒಡೆದು ಉದುರುತ್ತದೆ, ಕಣದಲ್ಲಿದ್ದದ್ದು ಬೂಸ್ಟು ಹಿಡಿಯುತ್ತದೆ. ನಮ್ಮ ದೇಶದಲ್ಲಿ ಶೇಕಡ 98ಕ್ಕಿಂತ ಜಾಸ್ತಿ ಕಾಫಿ ಹಿಡುವಳಿಗಳು 10 ಹೆಕ್ಟೇರ್‌ಗಿಂತ ಕಡಿಮೆ, ಅದರಲ್ಲೂ ಎಕರೆ, ಎರಡೆಕರೆಯವರೇ ಬಹಳ. ಅಂಥವರಿಗೆ ಕೈಗೆ ಬೇಗ ಹಣ ಸಿಗುವುದೇ ದೊಡ್ಡದು.

ಕಾಡಂಚು ಬರೆದದ್ದು:

ಬಿ.ಆರ್. ಬೆಟ್ಟದ ಬಗ್ಗೆ ಕೇಳಿದ್ದೀರಿ, ಅಲ್ಲಿನ ಪೋಡುಗಳ, ಅಂದರೆ ಸೋಲಿಗರ ಹಾಡಿಗಳ, ಜೊತೆ ಕೆಲಸ ಮಾಡಿದ ಅನುಭವದಿಂದ ಬರೆಯುತ್ತಿದ್ದೇನೆ.

ಸೋಲಿಗರ ಕಾಫಿ ಅಂದಾಗ ಚಿಕ್ಕಮಗಳೂರಿನ ತೋಟದ ಚಿತ್ರ ಮನಸ್ಸಿಗೆ ತಂದುಕೊಳ್ಳಬೇಡಿ. ಅಲ್ಲಿ ಒಂದೊಂದು ಮನೆಗೆ ಸ್ವಲ್ಪ ಸ್ವಲ್ಪ ಜಾಗ. ಕಾಡುಮರಗಳ ಕೆಳಗೆ ಕಾಫಿ, ಮರಕ್ಕೆ ಹಬ್ಬಿದ ಮೆಣಸು, ಮನೆ ಪಕ್ಕ ರಾಗಿ, ಅವರೆ. ರಾಸಾಯನಿಕ ಗೊಬ್ಬರ, ಔಷಧಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅದರಿಂದ ಇಳುವರಿಯೂ ಕಡಿಮೆ. ಕಾಫಿ ಅಲ್ಲಿಗೆ ಬಂದದ್ದು ಬ್ರಿಟಿಷರ ಕಾಲದ ಎಸ್ಟೇಟುಗಳಿಂದ. ಸೋಲಿಗರು ಮೊದಲು ಅಲ್ಲಿ ಕೂಲಿಗೆ ಹೋಗುತ್ತಿದ್ದರು, ತಮ್ಮದೇ ಜಾಗದಲ್ಲಿ ಬೆಳೆಯಲು ಶುರು ಮಾಡಿದ್ದು ಆಮೇಲೆ.

ಒಂದು ಹಿನ್ನೆಲೆ ತಿಳಿದಿರಬೇಕು. ಅಭಯಾರಣ್ಯದೊಳಗೆ ಜೇನು, ನೆಲ್ಲಿಕಾಯಿ, ಕಲ್ಲುಪಾಚಿ ಸಂಗ್ರಹ ಮಾಡಿ ಮಾರುವುದಕ್ಕೆ ನಿಷೇಧ ಬಂದಾಗ ಆ ಜನರ ಕೈಯಲ್ಲಿದ್ದ ಮುಖ್ಯ ಆದಾಯವೇ ಹೋಯಿತು. ಆಗ ಮನೆ ಹಿಂದಿನ ಕಾಫಿ ಗಿಡಕ್ಕೆ ಬೆಲೆ ಬಂತು. 2011ರಲ್ಲಿ ಬಿ.ಆರ್. ಬೆಟ್ಟದ ಕಾಡು ಹುಲಿ ಸಂರಕ್ಷಿತ ಪ್ರದೇಶ ಆಯಿತು. ಅದೇ ವರ್ಷ 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನ ಒಳಗೇ ಇದ್ದುಕೊಂಡು ಹೋರಾಡಿ ಪಡೆದ ಹಕ್ಕು ಅದು. ಆ ಜಾಗದಲ್ಲಿ ಬೆಳೆದ ಕಾಫಿ ಅಂದರೆ ಆ ಹಕ್ಕಿನ ಫಲವೂ ಹೌದು ಅಂತ ನಾನು ನಂಬುತ್ತೇನೆ. ಪ್ಯಾಕೆಟ್‌ನಲ್ಲಿ ಇದರ ಬಗ್ಗೆ ಒಂದು ಸಾಲು ಇದ್ದರೆ, ಕಾಡಿನ ಮಕ್ಕಳು ಅನ್ನುವ ಮಾತಿಗಿಂತ ಎಷ್ಟೋ ಮೇಲು.

ಹಣದ ವಿಷಯಕ್ಕೆ ಬಂದರೆ ಪಲ್ಪರ್‌ಮನೆ ಹೇಳಿದ್ದು ಅಲ್ಲಿ ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ. ಮಳೆಗಾಲದಲ್ಲಿ ಮನೆಯಲ್ಲಿ ಕಾಸಿರುವುದಿಲ್ಲ. ಆಸ್ಪತ್ರೆ, ಮಕ್ಕಳ ಹಾಸ್ಟೆಲ್, ಹಬ್ಬ, ಮದುವೆ ಎಲ್ಲದಕ್ಕೂ ವ್ಯಾಪಾರಿ ಹತ್ತಿರ ಮುಂಗಡ ತರುತ್ತಾರೆ. ಕುಯ್ಲಿಗೆ ಬಂದಾಗ ಆ ಮುಂಗಡಕ್ಕೆ ಕಾಫಿ ಹೋಗುತ್ತದೆ, ದರ ಅವನು ಹೇಳಿದ್ದು. ಕಾಯಿ ಪೂರ್ತಿ ಹಣ್ಣಾಗುವ ತನಕ ಕಾಯೋಕೂ ಆಗುವುದಿಲ್ಲ, ಹಸಿರು, ಕೆಂಪು ಸೇರಿಸಿ ಒಂದೇ ಸಲ ಕುಯ್ದು ಕೊಡುತ್ತಾರೆ, ಆಗ ಗುಣಮಟ್ಟ ಇಲ್ಲ ಅಂತ ಇನ್ನೂ ಕಡಿಮೆ ಕೊಡುತ್ತಾರೆ. ಈ ಸುತ್ತು ಬಿಡಿಸದೆ ಬರೀ ಕೆಜಿಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟರೆ ಏನೂ ಬದಲಾಗುವುದಿಲ್ಲ.

ಹಾಗಾಗಿ ನಾನು ಕೇಳುವ ಪ್ರಶ್ನೆ: ಹಣ ಯಾವಾಗ ಕೊಟ್ಟಿರಿ? ಜೂನ್, ಜುಲೈನಲ್ಲಿ ಬಡ್ಡಿ ಇಲ್ಲದೆ ಮುಂಗಡ ಕೊಟ್ಟವರು, ಡಿಸೆಂಬರ್‌ನಲ್ಲಿ ದೊಡ್ಡ ದರ ಕೊಟ್ಟವರಿಗಿಂತ ಜಾಸ್ತಿ ಉಪಕಾರ ಮಾಡಿದ್ದಾರೆ. ಇನ್ನೊಂದು ಸುಳಿವು ಹೇಳುತ್ತೇನೆ. ಪ್ಯಾಕೆಟ್ ಮೇಲೆ ಸೋಲಿಗರ ಅರೇಬಿಕಾ ವಾಶ್ಡ್ (ತೊಳೆದು ಮಾಡಿದ್ದು) ಅಂತ ಇದ್ದರೆ, ಹಣ್ಣು ಕುಯ್ದ ದಿನವೇ, ತಡ ಅಂದರೆ ಮರುದಿನ, ಪಲ್ಪರ್‌ಗೆ ಹೋಗಿರಲೇಬೇಕು. ಅಂದರೆ ಪೋಡುಗಳ ಹತ್ತಿರದಲ್ಲೇ ಒಂದು ಪಲ್ಪರ್ ಇರಬೇಕು. ಅದು ಯಾರದು ಅಂತ ಕೇಳಿ. ಸಂಘದ್ದು ಅಂದರೆ ಸಂತೋಷ. ವ್ಯಾಪಾರಿಯದು ಅಂದರೆ ಅವರು ಕೊಂಡದ್ದು ಹಣ್ಣು, ಲಾಭದ ದೊಡ್ಡ ಪಾಲು ಪೋಡಿನ ಹೊರಗೆ ಉಳಿಯಿತು ಅಂತ ಅರ್ಥ.

ಮಧ್ಯಮ_ಹುರಿ ಬರೆದದ್ದು:

ನಾನು ಸಣ್ಣ ಮಟ್ಟದಲ್ಲಿ ಕಾಫಿ ಹುರಿದು ಮಾರುವವನು. ಈ ಪ್ಯಾಕೆಟ್ ನನ್ನದಲ್ಲ. ಹುರಿಯುವವರ ಕಡೆಯಿಂದ ಒಂದಿಷ್ಟು ಹೇಳುವುದಿದೆ.

ಬ್ಲೆಂಡ್ ಯಾಕೆ ಮಾಡುತ್ತಾರೆ ಅಂತ ಮೊದಲು. ನೀವು ಹೇಳಿದ ಮೂರರಲ್ಲಿ ಒಂದೊಂದಕ್ಕೂ ಒಂದು ಕೆಲಸ ಇದೆ. ಚಿಕ್ಕಮಗಳೂರಿನ ತೊಳೆದ ಅರೇಬಿಕಾ, ಎಸ್ 795 ತಳಿ ಇದ್ದರಂತೂ, ಹದವಾದ ಹುಳಿ ಮತ್ತು ಪರಿಮಳ ಕೊಡುತ್ತದೆ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ 1940ರ ದಶಕದಲ್ಲಿ ಬಂದ ತಳಿ ಅದು, ಇವತ್ತಿಗೂ ರುಚಿಯ ವಿಷಯದಲ್ಲಿ ನನಗೆ ಅದೇ ಮೊದಲು. ಕಾಡಿನ ನೆರಳಲ್ಲಿ ನಿಧಾನ ಹಣ್ಣಾದ, ಸಿಪ್ಪೆ ಸಮೇತ ಒಣಗಿಸಿದ ಅರೇಬಿಕಾ ಆದರೆ ಸಿಹಿ, ಒಣಹಣ್ಣಿನ ಛಾಯೆ. ಕೊನೆಯಲ್ಲಿ ಉಳಿಯುವ ಸಿಹಿ ಅಂದಿರಲ್ಲ, ನನ್ನ ಊಹೆ ಅದು ಇಲ್ಲಿಂದ ಬಂದದ್ದು. ಕೊಡಗಿನ ರೋಬಸ್ಟಾ ಪಾರ್ಚ್‌ಮೆಂಟ್ ಮೈ ಕೊಡುತ್ತದೆ, ಹಾಲಿನ ಮುಂದೆ ಡಿಕಾಕ್ಷನ್ ಸೋಲದ ಹಾಗೆ ನಿಲ್ಲಿಸುತ್ತದೆ. ರೋಬಸ್ಟಾ ಅಂದರೆ ಕೀಳು ಅನ್ನೋ ಮಾತು ಬಿಡಿ. ನಮ್ಮ ದೇಶದ ಕಾಫಿಯಲ್ಲಿ ಸುಮಾರು ಶೇಕಡ 70 ರೋಬಸ್ಟಾ. ತೊಳೆದು ಚೆನ್ನಾಗಿ ಮಾಡಿದ ನಮ್ಮ ರೋಬಸ್ಟಾವನ್ನು ಇಟಲಿಯವರು ಎಸ್ಪ್ರೆಸೊಗೆ ಅಂತಲೇ ಕೊಳ್ಳುತ್ತಾರೆ.

ಮೂರನ್ನೂ ಬೇರೆ ಬೇರೆ ಹುರಿದು ಆಮೇಲೆ ಸೇರಿಸುವುದು ನನ್ನ ಕ್ರಮ. ಕಾಳಿನ ಗಟ್ಟಿತನ ಬೇರೆ, ತೇವ ಬೇರೆ. ಒಟ್ಟಿಗೆ ಹಾಕಿದರೆ ಒಂದು ಹದಕ್ಕೆ ಬರುವಷ್ಟರಲ್ಲಿ ಇನ್ನೊಂದು ಕರಕಲು.

ಸೀಸನ್‌ಗೆ ತಕ್ಕಂತೆ ಬದಲಾಗುವ ಬ್ಲೆಂಡ್ ನನಗೆ ಇಷ್ಟ, ಕಾರಣ ಅದು ಪ್ರಾಮಾಣಿಕ. ವರ್ಷವಿಡೀ ಒಂದೇ ರುಚಿ ಕೊಡಬೇಕು ಅಂದರೆ ಎಲ್ಲಿಂದಲಾದರೂ ತಂದು ಸರಿದೂಗಿಸಲೇಬೇಕು, ಆಗ ಹೆಸರು ಹಾಕೋಕೆ ಆಗುವುದಿಲ್ಲ. ಸೀಸನ್ ಬ್ಲೆಂಡ್‌ನಲ್ಲಿ ಒಂದು ಕಡೆ ಫಸಲು ಹೋದರೆ ಹೋಯಿತು ಅಂತ ಹೇಳಬಹುದು. ಆಂಧ್ರದ ಅರಕು ಕಣಿವೆಯ ಆದಿವಾಸಿಗಳ ಅರೇಬಿಕಾವನ್ನೇ ನೋಡಿ, 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾ ಮತ್ತು ವಯನಾಡಿನ ರೋಬಸ್ಟಾ ಜೊತೆಗೇ ಅದಕ್ಕೂ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತ್ತು. 2025ರಲ್ಲಿ ಅಲ್ಲಿನ ಕೆಲವು ಊರುಗಳಲ್ಲಿ ಕಾಯಿಕೊರಕ ಹುಳು ಕಾಣಿಸಿಕೊಂಡು, ಸೋಂಕು ತಗುಲಿದ ಗಿಡಗಳ ಕಾಯಿಯನ್ನೆಲ್ಲ ಕಿತ್ತು ನಾಶ ಮಾಡಬೇಕಾಯಿತು. ಅಂಥ ವರ್ಷ ಅಲ್ಲಿನ ಕಾಫಿ ಕಡಿಮೆ ಹಾಕಿದ್ದೇವೆ ಅಂತ ಬರೆದರೆ ಗ್ರಾಹಕರಿಗೆ ಅರ್ಥವಾಗುತ್ತದೆ.

ಜಿಐ ಬಗ್ಗೆಯೂ ಒಂದು ಮಾತು. ಅದು ಕಾಫಿ ಯಾವ ಜಾಗದ್ದು ಅಂತ ಹೇಳುತ್ತದೆ. ಬೆಳೆಗಾರನಿಗೆ ಎಷ್ಟು ಕೊಟ್ಟರು ಅಂತ ಹೇಳುವುದಿಲ್ಲ.

ಪಾಲು ಎಷ್ಟು ಅನ್ನುವ ಪ್ರಶ್ನೆ ಇದೆಯಲ್ಲ, ಅದು ನ್ಯಾಯವಾದದ್ದು. ಚಿಕೋರಿ ಸೇರಿಸಿದರೆ ಎಷ್ಟು ಶೇಕಡ ಅಂತ ಪ್ಯಾಕೆಟ್ ಮೇಲೆ ಹಾಕಲೇಬೇಕು, ಕಾಫಿ ಶೇಕಡ 51ಕ್ಕಿಂತ ಕಡಿಮೆ ಇರಬಾರದು, ಅದು ಕಾನೂನು. ಎಲ್ಲಿನ ಕಾಫಿ ಎಷ್ಟು ಅಂತ ಹಾಕಬೇಕೆಂಬ ಕಡ್ಡಾಯ ಇಲ್ಲ. ಹಾಗಾಗಿ ಒಂದು ಹಿಡಿ ಸೋಲಿಗರ ಕಾಫಿ ಹಾಕಿ ಅವರ ಹೆಸರನ್ನು ದೊಡ್ಡದಾಗಿ ಬರೆಯುವವರೂ ಇದ್ದಾರೆ. ಕೇಳಿ. ಕೇಳಿದಾಗ ತಕ್ಷಣ ಶೇಕಡ ಹೇಳುವವರು ನಂಬಿಕಸ್ಥರು, ರಹಸ್ಯ ಸೂತ್ರ ಅನ್ನುವವರ ಬಗ್ಗೆ ನನಗೆ ಅನುಮಾನ.

ನನ್ನಂಥವರ ಕಷ್ಟವನ್ನೂ ಹೇಳಬೇಕು. 2025ರ ಶುರುವಿನಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ 50 ಕೆಜಿ ಚೀಲ 25,000 ರೂಪಾಯಿ ದಾಟಿತು. ಬ್ರೆಜಿಲ್‌ನಲ್ಲಿ ಬರ ಬಂದು ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ದರ ಏರಿದ್ದಕ್ಕೆ ಇಲ್ಲಿ ಹೀಗಾಯಿತು. 2019ರ ಸುಮಾರಿಗೆ ಇದರ ಅರ್ಧವೂ ಇರಲಿಲ್ಲ. ದರ ಇಷ್ಟು ಮೇಲೆ ಹೋದಾಗ, ಅದಕ್ಕೂ ಮೇಲೆ ಶೇಕಡ 20 ಹೆಚ್ಚು ಕೊಡುತ್ತೇನೆ ಅನ್ನೋ ಮಾತು ಉಳಿಸಿಕೊಳ್ಳುವುದು ಸಣ್ಣ ಹುರಿಯುವವನಿಗೆ ಸುಲಭ ಅಲ್ಲ. ಆದರೆ ಬೆಳೆಗಾರರು ವರ್ಷಗಟ್ಟಲೆ ಕಡಿಮೆ ದರದಲ್ಲಿ ತೋಟ ನಡೆಸಿದವರು, ಈಗ ಸಿಗುತ್ತಿರುವುದನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುವುದು ತಪ್ಪು.

ಸಂಜೆಕಾಫಿ ಬರೆದದ್ದು:

ಇಷ್ಟು ವಿವರ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ, ಧನ್ಯವಾದ. ಯಾವ ರೂಪದಲ್ಲಿ ಕೊಂಡಿರಿ, ಯಾವಾಗ ಹಣ ಕೊಟ್ಟಿರಿ, ಪಲ್ಪರ್ ಯಾರದು, ಪಾಲು ಎಷ್ಟು, ಯಾವ ವರ್ಷದ ಫಸಲು. ಇವನ್ನು ಮಾರುವವರಿಗೆ ಬರೆದು ಕೇಳುತ್ತೇನೆ. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.

ಒಂದು ಕೇಳಬೇಕಿತ್ತು. ತೋಟದ ಹೆಸರು, ಊರಿನ ಹೆಸರು ಹಾಕಿ ಕಾಫಿ ಮಾರುವುದು ಈಚಿನದಾ? ನಮ್ಮ ಅಜ್ಜನ ಕಾಲದಲ್ಲಿ ಪೀಬೆರಿ, ಪ್ಲಾಂಟೇಶನ್ ಎ ಅಂತ ಗ್ರೇಡ್ ಕೇಳಿ ತರುತ್ತಿದ್ದರು ಅಷ್ಟೇ.

ಪಲ್ಪರ್‌ಮನೆ ಬರೆದದ್ದು:

ಹೌದು, ಈಚಿನದೇ. 1990ರ ದಶಕದವರೆಗೂ ಕಾಫಿ ಮಾರಲು ಬೆಳೆಗಾರನಿಗೆ ಸ್ವಾತಂತ್ರ್ಯವೇ ಇರಲಿಲ್ಲ. 1942ರ ಕಾಫಿ ಕಾಯ್ದೆ ಪ್ರಕಾರ ಬೆಳೆದದ್ದನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ ಹಾಕಬೇಕಿತ್ತು. ಎಲ್ಲರ ಕಾಫಿ ಗ್ರೇಡ್ ಪ್ರಕಾರ ಒಟ್ಟಿಗೆ ಸೇರುತ್ತಿತ್ತು, ಹಣ ಕಂತಿನಲ್ಲಿ ಬರುತ್ತಿತ್ತು. ಬೆಲೆ ಭದ್ರತೆ ಇತ್ತು ನಿಜ, ಆದರೆ ಚೆನ್ನಾಗಿ ಮಾಡಿದವನ ಕಾಫಿಗೂ ಸುಮ್ನೆ ಕುಯ್ದು ಹಾಕಿದವನ ಕಾಫಿಗೂ ಹೆಸರಿನ ವ್ಯತ್ಯಾಸ ಇರಲಿಲ್ಲ. 1992ರಿಂದ ಸ್ವಲ್ಪ ಸ್ವಲ್ಪ ಸಡಿಲಿಸಿ, 1996ರ ಹೊತ್ತಿಗೆ ಪೂಲ್ ಪೂರ್ತಿ ಹೋಯಿತು. ಆಮೇಲೆಯೇ ತೋಟದ ಹೆಸರು ಪ್ಯಾಕೆಟ್ ಮೇಲೆ ಬರಲು ಸಾಧ್ಯವಾದದ್ದು. ದೊಡ್ಡ ಎಸ್ಟೇಟುಗಳಿಗೆ ಇದರಿಂದ ಲಾಭವಾಯಿತು. ಎರಡೆಕರೆಯವನ ಕಾಫಿ ಈಗಲೂ ವ್ಯಾಪಾರಿ ಗೋಡೌನಿನಲ್ಲಿ ಹತ್ತಾರು ಜನರದ್ದರ ಜೊತೆ ಸೇರಿ ಹೆಸರಿಲ್ಲದೆ ಹೋಗುತ್ತದೆ. ಹತ್ತಿಪ್ಪತ್ತು ಮನೆಯವರು ಸೇರಿ ಒಂದು ಪಲ್ಪರ್, ಒಂದು ಕಣ ಇಟ್ಟುಕೊಂಡರೆ ಮಾತ್ರ ಅವರ ಹೆಸರು ಉಳಿಯುತ್ತದೆ. ನಮ್ಮ ಕಡೆ ಇದು ಇನ್ನೂ ಬೆಳೆಯಬೇಕು.

ಲೈನ್‌ಮನೆ_ಮಗಳು ಬರೆದದ್ದು:

ಎಲ್ಲರದೂ ಓದಿದ ಮೇಲೆ ನನಗೆ ಒಂದು ಹೇಳಬೇಕು ಅನಿಸಿತು. ಇಷ್ಟು ಹೊತ್ತು ರೈತ ಸಮುದಾಯ ಅಂತ ಮಾತಾಡಿದ್ದೀರಿ, ಹಣ್ಣು ಕುಯ್ಯುವವರ ಹೆಸರು ಒಂದು ಸಲವೂ ಸರಿಯಾಗಿ ಬರಲಿಲ್ಲ. ಆಳು ಬೇಕು ಅಂತ ಒಂದು ಕಡೆ ಬಂತು ಅಷ್ಟೇ.

ನಾನು ಕೊಡಗಿನ ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸದವರ ಸಾಲುಮನೆಯಲ್ಲಿ, ಬೆಳೆದವಳು, ಅಪ್ಪ ಅಮ್ಮ ಇಬ್ಬರೂ ತೋಟದ ಕೆಲಸದವರು. ಆ ಬ್ಲೆಂಡ್‌ನಲ್ಲಿರುವ ಕೊಡಗಿನ ರೋಬಸ್ಟಾದ ಹಿಂದೆ ಯಾರಿದ್ದಾರೆ ಗೊತ್ತಾ? ಯರವರು, ಜೇನುಕುರುಬರು, ಪಣಿಯರು, ತಮಿಳುನಾಡಿನಿಂದ ಬಂದು ನೆಲೆಸಿದವರು, ಈಗೀಗ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕುಯ್ಲಿಗೆ ಬರುವವರು. ಕುಯ್ಲಿನ ದಿನಗಳಲ್ಲಿ ಬಹಳ ತೋಟಗಳಲ್ಲಿ ಕೆಜಿ ಲೆಕ್ಕ. ಬೆಳಿಗ್ಗೆ ಇಬ್ಬನಿಯಲ್ಲಿ ನೆನೆದುಕೊಂಡೇ ಶುರು. ಸೊಂಟಕ್ಕೆ ಚೀಲ, ಕೆಳಗೆ ಗೋಣಿತಾಟು ಹಾಸಿ ರೋಬಸ್ಟಾ ಗೊಂಚಲು ಎಳೆಯೋದು, ಕೆಂಜಿಗ ಕಚ್ಚೋದು, ಸಂಜೆ ಹಸಿರು, ಎಲೆ, ಕಡ್ಡಿ ಆರಿಸಿ ಚೀಲ ಹೊತ್ತು ತೂಕದ ಜಾಗಕ್ಕೆ ತರೋದು. ಆನೆ ಬಂದ ದಿನ ಬ್ಲಾಕಿಗೆ ಹೋಗಬೇಡಿ ಅನ್ನುತ್ತಾರೆ, ಆವತ್ತಿನ ಕೂಲಿ ಇಲ್ಲ. ತೋಟದಲ್ಲಿ ಆನೆ ತುಳಿತಕ್ಕೆ ಸಿಕ್ಕವರಲ್ಲಿ ಕೆಲಸಕ್ಕೆ ನಡೆದು ಹೋಗುತ್ತಿದ್ದವರು ಎಷ್ಟೋ ಜನ.

ತೋಟದ ಆಚೆಗೂ ಇದೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮೇಜಿನ ಮುಂದೆ ಕೂತು ಕಪ್ಪು ಕಾಳು, ಒಡೆದ ಕಾಳು, ಹುಳ ತಿಂದ ಕಾಳು ಕೈಯಲ್ಲಿ ಆರಿಸುವವರು ಹೆಂಗಸರೇ. ಈಗ ಬಣ್ಣ ನೋಡಿ ಆರಿಸುವ ಯಂತ್ರ ಬಂದಿದೆ, ಕೆಲಸ ಕಡಿಮೆಯಾಗುತ್ತಿದೆ. ಆದರೆ ಒಳ್ಳೆಯ ಗ್ರೇಡ್ ಅಂತ ಹೆಸರು ಬಂದದ್ದು ಆ ಕೈಗಳಿಂದ.

ಪೂರ್ತಿ ಕೆಂಪು ಹಣ್ಣು ಮಾತ್ರ ಕುಯ್ಯಿ ಅಂದರೆ ನಿಧಾನ ಆಗುತ್ತದೆ. ಕೆಜಿ ಲೆಕ್ಕದಲ್ಲಿ ನಿಧಾನ ಆದರೆ ಕೂಲಿ ಕಡಿಮೆ. ಹಾಗಾಗಿ ಕೆಂಪು ಹಣ್ಣಿನ ಬ್ಲೆಂಡ್ ಅಂತ ಹೆಮ್ಮೆಯಿಂದ ಬರೆಯುವವರು, ಕುಯ್ಯುವವರಿಗೆ ಕೆಜಿಗೆ ಹೆಚ್ಚು ಕೊಟ್ಟರಾ ಅಥವಾ ದಿನದ ಕೂಲಿ ಕೊಟ್ಟರಾ ಅಂತ ಹೇಳಲಿ. ಸಂಜೆಕಾಫಿ ಅವರೇ, ನಿಮ್ಮ ಪಟ್ಟಿಗೆ ಇದನ್ನೂ ಸೇರಿಸಿ. ಬೆಳೆಗಾರನಿಗೆ ಒಳ್ಳೆಯ ದರ ಸಿಕ್ಕಿದ ವರ್ಷ ನಮ್ಮ ಲೈನ್ ಮನೆಯ ಸೂರು ತನ್ನಿಂದ ತಾನೇ ರಿಪೇರಿ ಆಗುವುದಿಲ್ಲ.

ಪಲ್ಪರ್‌ಮನೆ ಬರೆದದ್ದು:

ನೀವು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ, ವಾದಕ್ಕಲ್ಲ. ಎರಡೆಕರೆ ತೋಟದಲ್ಲಿ ಕುಯ್ಯುವವರೂ ನಾವೇ, ಅಕ್ಕಪಕ್ಕದ ಮನೆಯವರು ಮುಯ್ಯಾಳು ಬರುತ್ತಾರೆ. ನೂರಾರು ಎಕರೆ ಎಸ್ಟೇಟಿನ ಕಥೆ ಬೇರೆ. ಪ್ಯಾಕೆಟ್ ಮೇಲೆ ಇಬ್ಬರಿಗೂ ರೈತ ಸಮುದಾಯ ಅಂತ ಒಂದೇ ಹೆಸರು ಹಾಕಿದರೆ ಓದುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ನಮ್ಮಲ್ಲಿ ಹೊರಗಿನ ಕೆಲಸದವರು ಬಂದಾಗ ಅರೇಬಿಕಾ ಮೊದಲ ಸುತ್ತಿಗೆ ದಿನಗೂಲಿಯೇ ಕೊಡುತ್ತೇವೆ, ಕೆಜಿ ಲೆಕ್ಕ ಹಾಕಿದರೆ ಹಸಿರು ಕಾಯಿ ಬಂದೇ ಬರುತ್ತದೆ.

ಮಧ್ಯಮ_ಹುರಿ ಬರೆದದ್ದು:

ಲೈನ್‌ಮನೆ_ಮಗಳು ಅವರ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಂಡಿದ್ದೇನೆ. ನಾನು ಕೊಳ್ಳುವ ತೋಟದವರ ಹತ್ತಿರ ಕುಯ್ಲಿನ ಕೂಲಿ ಹೇಗೆ ಕೊಡುತ್ತಾರೆ ಅಂತ ಕೇಳಿ, ಮುಂದಿನ ಪ್ಯಾಕೆಟ್‌ನಲ್ಲಿ ಅದನ್ನೂ ಬರೆಯುತ್ತೇನೆ. ಮೂವತ್ತು ಮನೆಯ ಕಾಫಿ ಒಂದೇ ಚೀಲಕ್ಕೆ ಬಂದಾಗ ಪ್ರತಿಯೊಬ್ಬರದೂ ಕೂಲಿ ಲೆಕ್ಕ ತಿಳಿಯುವುದು ನನ್ನಿಂದ ಆಗದು, ತೋಟ ಒಂದೇ ಇರುವ ಕಡೆ ಆಗುತ್ತದೆ. ಅಲ್ಲಿಂದ ಶುರು ಮಾಡಬಹುದು.

ಯುರೋಪಿಗೆ ಕಳಿಸುವ ಕಾಫಿಗೆ ಈಗ, 2020ರ ಡಿಸೆಂಬರ್ ನಂತರ ಕಾಡು ಕಡಿದ ಜಾಗದ್ದಲ್ಲ ಅಂತ ತೋರಿಸಲು ತೋಟದ ನಕ್ಷೆಯ ಗುರುತು ಕೊಡಬೇಕೆಂಬ ಕಾನೂನು ಬರುತ್ತಿದೆ. ಅಷ್ಟು ದೂರದವರಿಗೆ ತೋಟ ಯಾವುದು ಅಂತ ಹೇಳಲು ಸಾಧ್ಯ ಆದರೆ ನಮ್ಮ ಊರಿನ ಗ್ರಾಹಕರಿಗೂ ಹೇಳಬಹುದು ಅಲ್ವಾ.

ಸಂಜೆಕಾಫಿ ಬರೆದದ್ದು:

ಮಾರುವವರಿಂದ ಉತ್ತರ ಬಂತು. ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ, ಅದು ಖುಷಿ.

ಫಸಲು 2024–25. ಪಾಲು: ಚಿಕ್ಕಮಗಳೂರು ಅರೇಬಿಕಾ ಅರ್ಧ, ರೋಬಸ್ಟಾ ಶೇಕಡ 30, ಸೋಲಿಗರದು ಶೇಕಡ 20. ಸೋಲಿಗರ ಕಾಫಿಯನ್ನು ಚೆರಿ ರೂಪದಲ್ಲಿ ಅವರ ಗುಂಪಿನಿಂದಲೇ ಕೊಂಡದ್ದಂತೆ, ಒಣಗಿಸಿದ್ದು ಪೋಡಿನಲ್ಲೇ, ಓಟಿ ನೋಡುವಾಗ ಗುಂಪಿನವರು ಎದುರಿಗೆ ಇದ್ದರಂತೆ. ಮುಂಗಡ ಕೊಟ್ಟಿಲ್ಲ, ತೂಕ ಹಾಕಿದ ವಾರದಲ್ಲಿ ಹಣ ಕೊಟ್ಟಿದ್ದಾರೆ. ಚಿಕ್ಕಮಗಳೂರಿನದು ಪಾರ್ಚ್‌ಮೆಂಟ್, ಬೆಳೆಗಾರರಿಂದ ನೇರ. ಕೊಡಗಿನ ರೋಬಸ್ಟಾ ಮಾತ್ರ ವ್ಯಾಪಾರಿಯಿಂದ, ಯಾವ ತೋಟ ಅಂತ ಹೇಳಲು ಆಗುವುದಿಲ್ಲ, ಕುಯ್ದವರ ಕೂಲಿ ಬಗ್ಗೆ ಮಾಹಿತಿ ಇಲ್ಲ ಅಂದರು.

ನನಗೆ ಇದು ಅರ್ಧ ಸಮಾಧಾನ. ನಿಮಗೆ ಏನನಿಸುತ್ತದೆ?

ಕಾಡಂಚು ಬರೆದದ್ದು:

ಪೋಡಿನಲ್ಲೇ ಒಣಗಿಸಿ ಎದುರಿಗೇ ಓಟಿ ನೋಡಿದ್ದು ದೊಡ್ಡ ಹೆಜ್ಜೆ, ನಾನು ಆ ಪ್ಯಾಕೆಟ್ ಕೊಳ್ಳುತ್ತೇನೆ. ಅವರಿಗೆ ಮತ್ತೆ ಬರೆಯುವುದಾದರೆ ಮುಂದಿನ ಮಳೆಗಾಲದಲ್ಲಿ ಗುಂಪಿಗೆ ಮುಂಗಡ ಕೊಡಲು ಸಾಧ್ಯವಾ ಅಂತ ಕೇಳಿ. ಬ್ಲೆಂಡ್‌ನ ಶೇಕಡ 20ಕ್ಕೆ ಬೇಕಾದ ಕಾಫಿ ಎಷ್ಟು ಅಂತ ಅವರಿಗೆ ಈಗ ಗೊತ್ತಿದೆ, ಅದರ ಮೂರನೇ ಒಂದು ಭಾಗದ ಹಣ ಜುಲೈನಲ್ಲಿ ಕೊಟ್ಟರೂ ಸಾಕು.

ಲೈನ್‌ಮನೆ_ಮಗಳು ಬರೆದದ್ದು:

ಗೊತ್ತಿಲ್ಲ ಅಂತ ನೇರವಾಗಿ ಹೇಳಿದ್ದು ಒಳ್ಳೆಯದೇ. ಹಾಗಿದ್ದ ಮೇಲೆ ಕೆಳಗಿನ ಸಾಲಿನಲ್ಲಿ ಮೂರೂ ಕಡೆಯ ಸಮುದಾಯಗಳಿಗೆ ನಮನ ಅಂತ ಬರೆಯಬಾರದು, ಗೊತ್ತಿರುವ ಎರಡರ ಬಗ್ಗೆ ಬರೆಯಲಿ. ರೋಬಸ್ಟಾ ಕುಯ್ಲು ಜನವರಿಯಲ್ಲಿ ಶುರುವಾಗುತ್ತದೆ, ಅಷ್ಟರೊಳಗೆ ಒಂದು ತೋಟ ಹುಡುಕಿ ನೇರ ಕೊಳ್ಳಲು ಅವರಿಗೆ ಸಮಯ ಇದೆ. ಬೇಕಿದ್ದರೆ ವಿರಾಜಪೇಟೆ ಕಡೆ ಕೂಲಿ ಸರಿಯಾಗಿ ಕೊಡುವ, ರೋಬಸ್ಟಾ ಪಲ್ಪ್ ಮಾಡುವ ತೋಟದವರನ್ನು ನಾನೇ ಪರಿಚಯ ಮಾಡಿಸುತ್ತೇನೆ, ನನಗೆ ಮೆಸೇಜ್ ಮಾಡಲು ಹೇಳಿ.